ಅಪಘಾತಪೀಡಿತರ ಆರೈಕೆಯೂ ಗ್ರಾಮಸ್ಥರ ಕರ್ತವ್ಯವೂ



2018ನೆಯ ಇಸವಿ ನವೆಂಬರು 24ನೆಯ ತಾರೀಖು ಶನಿವಾರ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣವನ್ನು ನೀಗಿದ ಸಂಗತಿಯನ್ನು ಈ ಸೀಮೆಯವರು ಮರೆತಿರಲಾರರು. ಶಾಲೆಯನ್ನು ಮುಗಿಸಿಕೊಂಡು ಮನೆಗೆ ಹೊರಟಿದ್ದ ಮಕ್ಕಳೂ ಆ ಬಸ್ಸಿನಲ್ಲಿದ್ದರು. ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಮಂಡ್ಯದ ಬಯಲಿಗೆ ಅನ್ನವನ್ನಿತ್ತ ನೀರೇ ಅಂದು ಮೃತ್ಯುವಾಯಿತು. ಸುತ್ತಣ ಗದ್ದೆಗಳಲ್ಲಿದ್ದ ರೈತರು ಯಾರ ಕರೆಯನ್ನೂ ಕಾಯದೆ ಓಡಿಬಂದು ನೀರಿಗಿಳಿದರು. ಬದುಕಿ ಬಂದವರು ಕೆಲವರೇ.

ಅಪಘಾತದ ಗಳಿಗೆಯಲ್ಲಿ ಈ ಪ್ರಾಂತದ ಜನರು ಹಿಂದೆಗೆಯುವವರಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಗಾಯಗೊಂಡವನನ್ನು ಎತ್ತಿದವನಿಗೆ ಪೋಲೀಸು ಕೋರ್ಟುಗಳ ತೊಡಕು ಬರುವುದೆಂಬ ಅಂಜಿಕೆಗೂ ಈಗ ಕಾರಣವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾನೂನು ಅಂಥವನಿಗೆ ರಕ್ಷಣೆಯನ್ನಿತ್ತಿದೆ, ಹೆಸರನ್ನು ಹೇಳೆಂದು ಬಲಾತ್ಕರಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಯೋಜನೆಯಂತೆ, ರಸ್ತೆಯಲ್ಲಿ ಪೆಟ್ಟುಬಿದ್ದವರಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಿಗದಿಯಾದ ಆಸ್ಪತ್ರೆಗಳಲ್ಲಿ ಹಣವನ್ನು ಕೇಳದೆ ಚಿಕಿತ್ಸೆ ದೊರೆಯತಕ್ಕದ್ದು. ಆದರೆ ಮುರಿದ ಬೆನ್ನೆಲುಬು ಏಳು ದಿನಗಳ ಲೆಕ್ಕವನ್ನರಿಯದು. ವಿಚಾರಮಾಡಬೇಕಾದದ್ದು ಎಂಟನೆಯ ದಿನದಿಂದ ಮುಂದಣ ಮಾತು.

ಮೊದಲನೆಯ ವಾರದಲ್ಲಿ ರೋಗಿಯ ಮನೆಯು ಜಾತ್ರೆಯಂತಿರುತ್ತದೆ. ಎಳನೀರೂ ಬಾಳೆಯ ಹಣ್ಣೂ ಬರುತ್ತವೆ, ಅವುಗಳೊಡನೆ "ಇನ್ನು ಇವನು ಏಳುವುದುಂಟೆ!" ಎಂಬ ಮಾತೂ ಅವನ ಕಿವಿಗೆ ಬೀಳುವಂತೆ ಬರುತ್ತದೆ. (ಈ ಎರಡನೆಯದನ್ನು ಹೊರಗೇ ಬಿಟ್ಟುಬಂದರೆ ಲೇಸು.) ನಾಲ್ಕನೆಯ ತಿಂಗಳಿಗೆ ಉಳಿಯುವವಳು ಹೆಂಡತಿಯೊಬ್ಬಳೇ. ಬೆನ್ನುಹುರಿಗೆ ಪೆಟ್ಟಾಗಿ ಅಲುಗದೆ ಮಲಗಿದವನನ್ನು ಹಗಲಿರುಳು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಹಾಸಿಗೆ ಹುಣ್ಣಾಗಿ, ಕೆಲವೊಮ್ಮೆ ಆ ಹುಣ್ಣೇ ಪ್ರಾಣಕ್ಕೆ ಮುಳಿವಾಗುತ್ತದೆ. ಒಬ್ಬಳ ಎರಡು ಕೈಗಳಿಂದ ಇದು ಎಷ್ಟು ರಾತ್ರಿ ಸಾಗೀತು? ಕೇರಿಯ ಏಳು ಮನೆಯವರು ವಾರಕ್ಕೊಂದೊಂದು ರಾತ್ರಿಯ ಪಾಳಿಯನ್ನು ಹಿಡಿದರೆ ಆಕೆಯೂ ನಿದ್ದೆಯನ್ನು ಕಂಡಾಳು.

ಹೊಲದ ಕಷ್ಟವು ಇದಕ್ಕಿಂತ ಸೂಕ್ಷ್ಮವಾದುದು. ಈ ಸೀಮೆಯಲ್ಲಿ ನಾಟಿ ಕೊಯ್ಲುಗಳು ಮುಯ್ಯಾಳಿನಿಂದ ನಡೆದುಬಂದಿವೆ: ಇವನ ಗದ್ದೆಗೆ ಅವನ ಮನೆಯವರು, ಅವನ ಗದ್ದೆಗೆ ಇವನ ಮನೆಯವರು. ಮಲಗಿದವನು ಮುಯ್ಯಿ ತೀರಿಸಲಾರನಷ್ಟೆ. ಯಾರೂ ಬಾಯಿಬಿಟ್ಟು ಬೇಡವೆನ್ನದಿದ್ದರೂ ಅವನ ಹೆಸರು ಲೆಕ್ಕದಿಂದ ಮೆಲ್ಲಗೆ ಜಾರಿಹೋಗುತ್ತದೆ. ನಾಲೆಯಲ್ಲಿ ನೀರು ಬಿಟ್ಟಾಗ ನಾಟಿಯಾಗಬೇಕು. ಮಳೆಯನ್ನೇ ನಂಬಿದ ನಾಗಮಂಗಲದ ರಾಗಿಯ ಹೊಲದಲ್ಲಿ ಹದ ತಪ್ಪಿದರೆ ವರ್ಷವೇ ತಪ್ಪಿತು. ಆದುದರಿಂದ ಅವನ ಮುಯ್ಯಿಯ ಲೆಕ್ಕವನ್ನು ಒಂದೆರಡು ವರ್ಷ ತೆರೆದಿಡುವುದೇ ದೊಡ್ಡ ಉಪಕಾರ. ಅದು ಭಿಕ್ಷೆಯಲ್ಲ, ಸಾಲ; ಸಾಲವೆಂದಾಗ ಅವನ ಮಾನವೂ ಉಳಿಯುತ್ತದೆ.

ಕೃಷ್ಣರಾಜಪೇಟೆಯ ಒಳಹಳ್ಳಿಗಳಿಂದ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗಾಗಲಿ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಆಸ್ಪತ್ರೆಗಾಗಲಿ ಮರಳಿ ಮರಳಿ ಹೋಗಬೇಕಾದವನಿಗೆ ಜೊತೆಗಾರನೊಬ್ಬನು ಬೇಕು. ತಲೆಗೆ ಪೆಟ್ಟುಬಿದ್ದು ಮಾತು ತಪ್ಪಿದವರಿಗೆ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಆಶ್ರಯವಾಗಿದೆ. ಶ್ರೀರಂಗಪಟ್ಟಣದವರಿಗೆ ಅದು ಕೂಗಳತೆಯಲ್ಲಿದ್ದರೂ ಬಲ್ಲವರು ಸ್ವಲ್ಪವೇ. ಪರಿಹಾರದ ಅರ್ಜಿಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಅವಧಿಯು ಗೊತ್ತಾದುದರಿಂದ, ಊರಿನ ಓದುಬಲ್ಲ ತರುಣರು ಆಸ್ಪತ್ರೆಯ ಚೀಟಿಗಳನ್ನೂ ಔಷಧದ ರಸೀದಿಗಳನ್ನೂ ಮೊದಲ ದಿನದಿಂದಲೇ ಕೂಡಿಸಿಡುವುದು ಅವಶ್ಯ.

ಕಾಯಕದಲ್ಲಿಯೇ ಬೆಳೆದವನಿಗೆ ನೋವಿಗಿಂತ ಸುಮ್ಮನಿರುವುದೇ ಹೆಚ್ಚಿನ ಶಿಕ್ಷೆ. ಎದ್ದು ಕೂರಬಲ್ಲವನಾದೊಡನೆ ಹಾಲಿನ ಸಂಘದ ಲೆಕ್ಕವನ್ನು ಬರೆಯುವುದು, ಮಕ್ಕಳಿಗೆ ಪಾಠ ಹೇಳುವುದು ಮುಂತಾದ ಕೆಲಸವನ್ನು ಅವನಿಗೆ ಒಪ್ಪಿಸತಕ್ಕದ್ದು. ಅವನು ಅಲ್ಲಿಗೆ ಬರಬೇಕಾದರೆ ಗಾಲಿಕುರ್ಚಿಗೆ ದಾರಿಯಿರಬೇಕು. ಮಠದ ಮೆಟ್ಟಿಲ ಪಕ್ಕದಲ್ಲಿ, ಸಂಘದ ಬಾಗಿಲಲ್ಲಿ, ಅವನ ಮನೆಯ ಹೊಸ್ತಿಲಲ್ಲಿ ಅಂಥ ಇಳಿಜಾರನ್ನು ಕಟ್ಟುವುದಕ್ಕೆ ಕೆಲವು ಗಾಡಿ ಮಣ್ಣೂ ನಾಲ್ಕಾರು ಆಳುಗಳ ಒಂದು ದಿನದ ಕೆಲಸವೂ ಸಾಕು.