ಸಭೆಯಲ್ಲಿ ಅಡ್ಡ ಹರಿಯುವ ಮಾತು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಗೊಬ್ಬರ ಬಿತ್ತನೆಗಳ ವಿಷಯವನ್ನು ಇಂದು ಬದಿಗಿಟ್ಟು, ನಾವು ಸಭೆ ಸೇರಿದಾಗ ಮಾತು ನಡೆಸುವ ರೀತಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಆಲೂರು ಕಡೆಯ ಒಂದು ಊರಿನಲ್ಲಿ ಸಭೆ ಕರೆದಿದ್ದೆ. ವಿಷಯ ಒಂದೇ: ಮೃಗಶಿರ ಮಳೆ ಹಿಡಿಯುವ ಮೊದಲು ಕಾಳುಮೆಣಸಿನ ಬಳ್ಳಿಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದು. ದ್ರಾವಣದ ಲೆಕ್ಕ ಹೇಳಲು ಐದು ನಿಮಿಷ ಸಾಕು: 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ಊರಿಗೆ ಇದ್ದದ್ದು ಎರಡೇ ಪಂಪು. ಯಾರ ತೋಟಕ್ಕೆ ಯಾವ ದಿನ ಎಂಬ ಸರದಿ ಗೊತ್ತುಮಾಡಬೇಕಿತ್ತು.

ಅಷ್ಟರಲ್ಲಿ ಒಬ್ಬರು ಆನೆಯ ಮಾತೆತ್ತಿದರು. ಆನೆಯಿಂದ ಬೆಳೆ ಪರಿಹಾರಕ್ಕೆ, ಪರಿಹಾರದಿಂದ ಪಹಣಿಗೆ, ಪಹಣಿಯಿಂದ ಅಣ್ಣತಮ್ಮಂದಿರ ಬೇಲಿಗೆ ಮಾತು ಹರಿಯಿತು. ಕತ್ತಲಾಗುತ್ತಲೇ ಆನೆಗೆ ಹೆದರಿ ಎಲ್ಲರೂ ಎದ್ದರು. ಸರದಿ ಗೊತ್ತಾಗಲಿಲ್ಲ. ವಾರದೊಳಗೆ ಮಳೆ ಹಿಡಿಯಿತು. ಆಗಸ್ಟ್ ಹೊತ್ತಿಗೆ ಹಲವರ ತೋಟದಲ್ಲಿ ಬಳ್ಳಿಗಳು ಸೊರಗು ರೋಗಕ್ಕೆ ಸಿಕ್ಕಿ ಎಲೆ ಉದುರಿಸಿ ನಿಂತವು.

ಮುಂದಿನ ಸಭೆಯಲ್ಲಿ ನಾನು ಬಿಗಿಯಾದೆ. ಬೇಲಿಯ ಮಾತೆತ್ತಿದ ಹಿರಿಯರೊಬ್ಬರನ್ನು, "ಅಜ್ಜ, ಅದು ಇವತ್ತಿನ ವಿಷಯವಲ್ಲ, ಕುಳಿತುಕೊಳ್ಳಿ" ಎಂದು ಅರ್ಧಕ್ಕೇ ತಡೆದೆ. ಅವರು ಸುಮ್ಮನೆ ಕುಳಿತರು. ಸಭೆ ಮುಗಿದ ಮೇಲೆ ಅವರು ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ಬೇಲಿ ಹಾಕುವಾಗ ಬಸಿಗಾಲುವೆ ಮುಚ್ಚಿಹೋಗಿ, ಮೇಲಿನ ತೋಟದ ನೀರೆಲ್ಲ ಅವರ ಬಳ್ಳಿಗಳ ಬುಡದಲ್ಲಿ ನಿಲ್ಲುತ್ತಿತ್ತು. ನೀರು ನಿಂತ ಬುಡಕ್ಕೆ ಸೊರಗು ರೋಗ ಬೇಗ ತಗಲುತ್ತದೆ. ಅಲ್ಲಿ ದ್ರಾವಣ ಒಂದನ್ನೇ ನಂಬಿದರೆ ಸಾಲದು. ನಾನು ಹೊರಗಿನ ಮಾತು ಎಂದುಕೊಂಡದ್ದು ಆ ದಿನದ ವಿಷಯವೇ ಆಗಿತ್ತು!

ಗದ್ದೆಗೆ ನೀರು ಕಟ್ಟುವವನು ಅಡ್ಡ ಹರಿದ ನೀರನ್ನು ಬೈಯುವುದಿಲ್ಲ. ಒಂದು ಗುದ್ದಲಿ ಮಣ್ಣು ಹಾಕಿ ಅದಕ್ಕೂ ಒಂದು ದಾರಿ ಕೊಡುತ್ತಾನೆ. ಮಾತಿಗೂ ಹಾಗೆಯೇ ದಾರಿ ಕೊಡಬೇಕು.

ಅದಕ್ಕಾಗಿ ಹೀಗೆ ಮಾಡಿರಿ. ಇಂದು ಯಾವುದನ್ನು ತೀರ್ಮಾನಿಸಿ ಏಳಬೇಕೆಂಬುದನ್ನು ಮೊದಲೇ ಹೇಳಿರಿ. ಎಲ್ಲರೂ ಗೌರವಿಸುವ ಒಬ್ಬರು ಸಭೆ ನಡೆಸಲಿ. ಬೇರೆ ಮಾತು ಬಂದರೆ, "ಇದು ಇವತ್ತಿನ ಕೆಲಸಕ್ಕೆ ಹೇಗೆ ಸೇರುತ್ತದೆ, ಗೌಡರೇ?" ಎಂದು ಕೇಳಿರಿ. ಸೇರುವುದಾದರೆ ಪೂರಾ ಕೇಳಿರಿ. ಸೇರದಿದ್ದರೆ ಒಂದು ಪುಸ್ತಕದಲ್ಲಿ ಹೇಳಿದವರ ಹೆಸರಿನೊಡನೆ ಬರೆದು, ಅಲ್ಲೇ ಓದಿ ಹೇಳಿರಿ. ತೀರ್ಮಾನವಾದ ಮೇಲೆ ಕಾಫಿ ಕುಡಿಯುತ್ತ ಮನಸ್ಸು ಬಿಚ್ಚಿ ಮಾತಾಡಲು ಯಾರ ಅಡ್ಡಿಯೂ ಇಲ್ಲ.

ಆದರೆ ಬರೆದದ್ದನ್ನು ಮುಂದಿನ ಸಭೆಯಲ್ಲಿ ಮೊದಲು ಎತ್ತಿಕೊಳ್ಳಬೇಕು. ಇಲ್ಲವಾದರೆ ಆ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಬೇಲಿಯ ವ್ಯಾಜ್ಯಕ್ಕೆ ಇಬ್ಬರು ಹಿರಿಯರು ಸ್ಥಳಕ್ಕೇ ಹೋಗಲಿ. ಆನೆಯ ವಿಷಯ ಸಣ್ಣದಲ್ಲ. 2014ರಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಕಾಟ ನಿಲ್ಲಲಿಲ್ಲ. ಅದಕ್ಕೆಂದೇ ಒಂದು ದಿನವಿಟ್ಟು ಅರಣ್ಯ ಇಲಾಖೆಯವರನ್ನು ಕರೆಯಿರಿ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಊರಿಗೆಲ್ಲ ಸೇರಿದ ಮಾತನ್ನು ಅಲ್ಲಿ ಎತ್ತಿರಿ.

ಅದೇ ಊರಿನಲ್ಲಿ ಈ ವರ್ಷ ಬಸಿಗಾಲುವೆ ಬಿಡಿಸಿದ್ದಾರೆ. ಪಂಪಿನ ಸರದಿ ಮೇ ಎರಡನೆಯ ವಾರದಲ್ಲೇ ಗೊತ್ತಾಯಿತು. ಸಭೆಗೆ ಮೊದಲು ಬಂದು ಕುಳಿತವರು ಆ ಅಜ್ಜನೇ.