ಕೈಯಳತೆಯ ಅಡುಗೆ ಶಾಲೆಗೆ ಬಂದಾಗ

(ಶಿಕ್ಷಕರು, ಪೋಷಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಅಡುಗೆಮನೆಯಲ್ಲಿ ತಕ್ಕಡಿಯಿಲ್ಲ. ಅಲ್ಲಿರುವುದು ಒಂದು ಹಿಡಿ, ಒಂದು ಚಿಟಿಕೆ, ರುಚಿಗೆ ತಕ್ಕಷ್ಟು ಉಪ್ಪು. ಈ ಅಳತೆ ಮನೆಯೊಳಗೆ ತಪ್ಪುವುದು ಅಪರೂಪ. ಏಕೆಂದರೆ ಅಳೆಯುವ ಕೈ ದಿನವೂ ಅದೇ. ಆದರೆ ಅದೇ ಪಾಕ ಶಾಲೆಯ ಅಡುಗೆ ತರಗತಿಗೆ ಬಂದಾಗ ಕೈಗಳು ಮೂವತ್ತಾಗುತ್ತವೆ. ಅಜ್ಜಿಯ ಹಿಡಿಯೇ ಬೇರೆ, ಐದನೆಯ ತರಗತಿಯ ಬಾಲಕಿಯ ಹಿಡಿಯೇ ಬೇರೆ. ಆದ್ದರಿಂದ ಮೊದಲ ಪಾಠ ಒಲೆಯ ಮುಂದಲ್ಲ, ತಕ್ಕಡಿಯ ಮುಂದೆ ನಡೆಯಬೇಕು. ಹಿರಿಯರು ಹಿಡಿದುಕೊಟ್ಟ ಸೊಪ್ಪನ್ನು ಮಕ್ಕಳು ಶಾಲೆಗೆ ತಂದು, ತೂಗಿ, ಗ್ರಾಂಗಳಲ್ಲಿ ಬರೆದಿಡಲಿ. ಹತ್ತು ಮನೆಗಳಿಂದ ಹತ್ತು ಬಗೆಯ ತಂಬುಳಿ ಬಂದರೆ ಅವನ್ನು ತಿದ್ದಿ ಒಂದಾಗಿಸಬೇಕಿಲ್ಲ.

ಆರಂಭಕ್ಕೆ ಒಂದೆಲಗದ ತಂಬುಳಿ ಯೋಗ್ಯ. ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಸೊಪ್ಪು ಮತ್ತು ಕಾಯಿತುರಿಯೊಡನೆ ನುಣ್ಣಗೆ ಅರೆದು, ಉಪ್ಪು ಬೆರೆಸಿ ಮಜ್ಜಿಗೆಯಲ್ಲಿ ಕದಡಿದರೆ ಸಿದ್ಧ. ಹುರಿಯುವ ಕೆಲಸವನ್ನು ಶಿಕ್ಷಕರೇ ಮಾಡಬಹುದು. ಸೊಪ್ಪು ಹಸಿಯಾಗಿಯೇ ಹೊಟ್ಟೆ ಸೇರುವುದರಿಂದ ಅದನ್ನು ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಯುವುದನ್ನು ಬಿಡುವಂತಿಲ್ಲ. ಐವರ ಪಾಕವನ್ನು ಮೂವತ್ತು ಜನರಿಗೆ ಹಿಗ್ಗಿಸುವಾಗ ಸೊಪ್ಪು, ಕಾಯಿ, ಮಜ್ಜಿಗೆಗಳನ್ನು ಆರು ಪಟ್ಟು ಮಾಡಬಹುದು. ಉಪ್ಪು, ಮೆಣಸುಗಳನ್ನು ನಾಲ್ಕು ಪಟ್ಟಿಗೆ ನಿಲ್ಲಿಸಿ, ರುಚಿ ನೋಡಿ ಸೇರಿಸುವುದು ಲೇಸು.

ಎಲ್ಲ ಪಾಕಗಳೂ ಇಷ್ಟು ಸುಲಭವಾಗಿ ಬದಲಾವಣೆಗೆ ಒಗ್ಗುವುದಿಲ್ಲ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳಿವೆ. ಗಂಟಲು ತುರಿಸುವುದು ಅವುಗಳಿಂದಲೇ. ಪತ್ರೊಡೆಗೆ ಹುಣಿಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಕೇವಲ ರುಚಿಗಾಗಿ ಅಲ್ಲ, ಈ ತುರಿಕೆಯನ್ನು ತಗ್ಗಿಸಲೂ ಹೌದು. ಮಕ್ಕಳಿಗಾಗಿ ಖಾರ ಕಡಿಮೆ ಮಾಡಬಹುದು, ಹುಳಿಯನ್ನಲ್ಲ. ಹೆಚ್ಚು ಜನರಿದ್ದರೆ ಸುರುಳಿಗಳ ಸಂಖ್ಯೆ ಹೆಚ್ಚಬೇಕೇ ಹೊರತು ದಪ್ಪವಲ್ಲ. ದಪ್ಪ ಸುರುಳಿಯ ಒಳಭಾಗ ಬೇಯಲು ತಡವಾಗುತ್ತದೆ. ಅವಧಿ ಮುಗಿದ ಗಂಟೆ ಬಾರಿಸಿತೆಂದು ಅರೆಬೆಂದ ಪತ್ರೊಡೆಯನ್ನು ಇಳಿಸಲಾಗದು.

ಕಳಲೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ತೆಳ್ಳಗೆ ಹೆಚ್ಚಿ, ಮೂರು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಕೊನೆಗೆ ಚೆನ್ನಾಗಿ ಕುದಿಸಿ ಆ ನೀರನ್ನು ಬಸಿಯುವ ಹಿರಿಯರ ಕ್ರಮ ವಿಷವನ್ನು ಕಳೆಯುವ ಕ್ರಮವೇ ಆಗಿದೆ. ಇದನ್ನು ಒಂದು ಅವಧಿಗೆ ಕುಗ್ಗಿಸಬಾರದು. ಸೋಮವಾರ ಹೆಚ್ಚಿ ಗುರುವಾರ ಬೇಯಿಸಿದರೆ ಅದೇ ವಾರವಿಡೀ ನಡೆಯುವ ವಿಜ್ಞಾನ ಪಾಠವಾಗುತ್ತದೆ.

ಪಾಕ ಹಿಗ್ಗಿದಾಗ ಕೊಯ್ಲೂ ಹಿಗ್ಗುತ್ತದೆ ಎಂಬುದನ್ನು ಮರೆಯಲಾಗದು. ಒಂದು ಮನೆಗೆ ಸಾಲುವ ಒಂದೆಲಗದ ತಾವು ಮೂವತ್ತು ಮಕ್ಕಳ ಕೈಗೆ ಸಿಕ್ಕರೆ ಒಂದೇ ದಿನದಲ್ಲಿ ಬರಿದಾದೀತು. ಬೇರು ಕೀಳದೆ ಎಲೆಯನ್ನಷ್ಟೇ ಚಿವುಟುವುದನ್ನು ಕಲಿಸಬೇಕು. ಶಾಲೆಯ ಕೈತೋಟದ ತೇವದ ಮೂಲೆಯಲ್ಲಿ ಅದನ್ನು ಬೆಳೆಸಬೇಕು. ಕಳಲೆ ಕಾಡಿನಿಂದಲ್ಲ, ಊರವರ ಬೇಲಿಯ ಬಿದಿರಿನಿಂದ ಬರಲಿ. ಅಲ್ಲಿಯೂ ಮೆಳೆಯಲ್ಲಿ ಹೆಚ್ಚಿನ ಕಳಲೆಗಳನ್ನು ಉಳಿಸಬೇಕು. ಮುಂದಿನ ಬಿದಿರು ಅವುಗಳಿಂದಲೇ.

ಆದ್ದರಿಂದ ಅಡುಗೆ ತರಗತಿಯ ಪುಸ್ತಕದಲ್ಲಿ ಮೂರು ಅಂಕಣಗಳಿರಲಿ: ಏನು, ಎಷ್ಟು, ಏಕೆ. ಮೊದಲ ಎರಡನ್ನು ಅಂಗಡಿಯ ಪುಸ್ತಕಗಳೂ ತಿಳಿಸಬಲ್ಲವು. ಮೂರನೆಯದನ್ನು ಮನೆಯ ಹಿರಿಯರಿಂದ ಕೇಳಿ, ವಿಜ್ಞಾನದ ಪಾಠದೊಡನೆ ಹೋಲಿಸಿ ಮಕ್ಕಳೇ ಬರೆಯಬೇಕು. ಕೇಳಲು ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.