ಯಂತ್ರದ ಬಾಯಿ ಕಟ್ಟಿದಾಗ

ಭದ್ರಾ ನಾಲೆಯ ನೀರು ಹರಿಯುವ ನಮ್ಮ ದಾವಣಗೆರೆ, ಹರಿಹರ ಸೀಮೆಯಲ್ಲಿ ಭತ್ತದ ಜೊತೆಗೆ ಅಡಿಕೆ, ತೆಂಗಿನ ತೋಟಗಳೂ ಉಂಟು. ಉದುರಿದ ಸೋಗೆ, ತೆಂಗಿನ ಗರಿ, ಬದುವಿನ ಗೊಬ್ಬರಗಿಡದ ಕೊಂಬೆ ಇವನ್ನೆಲ್ಲ ಸುಟ್ಟರೆ ಉಳಿಯುವುದು ಹಿಡಿ ಬೂದಿ. ಚೂರು ಮಾಡಿ ಮರದ ಬುಡಕ್ಕೆ ಹೊದಿಸಿದರೆ ತೇವ ನಿಲ್ಲುತ್ತದೆ, ಕಳೆ ಅಡಗುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಇದಕ್ಕೆಂದೇ ಅನೇಕರು ಚಿಕ್ಕ ಕತ್ತರಿಸುವ ಯಂತ್ರ ತಂದಿದ್ದಾರೆ. ಆದರೆ ಕೆಲಸದ ನಡುವೆ ಅದರ ಬಾಯಿ ಕಟ್ಟಿಕೊಂಡರೆ ಏನು ಮಾಡಬೇಕು? ಇವತ್ತು ಅದನ್ನು ತಿಳಿಯೋಣ.

ಎಲ್ಲಕ್ಕಿಂತ ಮೊದಲ ಮಾತು ನಿಮ್ಮ ಕೈಯದು. ಯಂತ್ರ ನಿಂತಿದೆ, ಕರೆಂಟೂ ಹೋಗಿದೆ, ಇನ್ನೇನು ಭಯ ಎಂದು ಒಳಗೆ ಕೈ ಹಾಕಬ್ಯಾಡ್ರಿ. ಸಾದಾ ಸ್ವಿಚ್ಚಿನ ಮೋಟಾರಾಗಲಿ, ಆಟೋ ಸ್ಟಾರ್ಟರ್ ಇರುವ ಮೋಟಾರಾಗಲಿ, ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗೀತು. ಅದು ಬರುವ ಹೊತ್ತನ್ನು ಹೇಳಿ ಬರುವುದಿಲ್ಲ.

ಆದ್ದರಿಂದ ಮೇನ್ ಸ್ವಿಚ್ಚು ಆಫ್ ಮಾಡಿ, ಆಮೇಲೆ ಒಣ ಕೈಯಿಂದ ಫ್ಯೂಜು ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಪ್ಲಗ್ಗಿನ ಯಂತ್ರವಾದರೆ ಪ್ಲಗ್ ಕೀಳಿ. ಟ್ರ್ಯಾಕ್ಟರಿಗೆ ಜೋಡಿಸಿದ್ದರೆ ಎಂಜಿನ್ ನಿಲ್ಲಿಸಿ ಕೀಲಿ ತೆಗೆಯಿರಿ. ಭಾರದ ಚಕ್ರ ಪೂರ್ತಿ ನಿಲ್ಲುವ ತನಕ ಕಾಯಿರಿ. ಚಕ್ರ ಅಲುಗದಂತೆ ಮರದ ತುಂಡೊಂದನ್ನು ಒತ್ತುಕೊಟ್ಟು, ಆಮೇಲೆ ಮುಚ್ಚಳ ಬಿಚ್ಚಿ.

ಮೊದಲು ಚೂರು ಹೊರಬೀಳುವ ಕಡೆಯಿಂದ ಬಿಡಿಸಿ. ಅನೇಕ ಸಲ ಗಂಟು ಅಲ್ಲಿಯೇ ಇರುತ್ತದೆ. ಕೈಗೆ ಬದಲು ಕೋಲು ಇಲ್ಲವೆ ಕೊಕ್ಕೆ ಬಳಸಿ. ಬ್ಲೇಡಿಗೆ ಸುತ್ತಿದ ನಾರನ್ನು ಜಗ್ಗಬ್ಯಾಡ್ರಿ, ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ನಾರು ಸಡಿಲವಾದೊಡನೆ ಬ್ಲೇಡು ಪಟಕ್ಕನೆ ತಿರುಗಬಹುದು, ಒತ್ತುಕೊಟ್ಟ ತುಂಡು ಇರುವುದು ಅದಕ್ಕೇ. ಎಲ್ಲ ತೆಗೆದ ಮೇಲೆ ಬ್ಲೇಡಿನ ಬೋಲ್ಟು ಬಿಗಿಯಾಗಿವೆಯೇ ನೋಡಿ, ತುಂಡು ತೆಗೆದು, ಮುಚ್ಚಳ ಹಾಕಿ, ಆಮೇಲೆ ಫ್ಯೂಜು ಹಾಕಿ. ಸ್ವಲ್ಪ ಹೊತ್ತು ಬರಿದಾಗಿ ಓಡಿಸಿ ನೋಡಿ.

ಇನ್ನು ಬಾಯಿ ಕಟ್ಟುವುದಾದರೂ ಏಕೆ? ಹಸಿ ಸೋಗೆ, ಹಾಳೆ, ಬಾಳೆದಿಂಡು ಇವುಗಳ ನಾರು ತುಂಡಾಗದೆ ಸುತ್ತಿಕೊಳ್ಳುತ್ತದೆ. ಒಂದೆರಡು ದಿನ ಬಾಡಿಸಿ ಹಾಕಿ, ನಡುನಡುವೆ ಒಣ ಕೊಂಬೆ ಕೊಡಿ. ಅದು ಹಸಿಯನ್ನು ನೂಕಿಕೊಂಡು ಹೋಗುತ್ತದೆ. ಗರಿಯ ದಪ್ಪ ಬುಡ ಮೊದಲು ಹೋಗಲಿ. ಯಂತ್ರ ಪೂರ್ಣ ವೇಗಕ್ಕೆ ಬರುವ ಮುನ್ನ ಏನೂ ಹಾಕಬೇಡಿ. ಸದ್ದು ತಗ್ಗಿತೆಂದರೆ ಕೊಡುವುದನ್ನು ನಿಲ್ಲಿಸಿ, ಸದ್ದು ಏರಿದ ಮೇಲೆ ಮತ್ತೆ ಕೊಡಿ. ವೋಲ್ಟೇಜು ಕಡಿಮೆ ಇರುವಾಗ, ಬೆಲ್ಟು ಸಡಿಲವಾದಾಗ ಸಹ ಯಂತ್ರ ನಿಲ್ಲುತ್ತದೆ.

ಹೊರಬೀಳುವ ಚೂರನ್ನು ನೋಡ್ರಿ. ಉದ್ದುದ್ದ ನಾರಾಗಿ ಬಂದರೆ ಬ್ಲೇಡು ಮೊಂಡಾಗಿದೆ, ಇಲ್ಲವೆ ಎದುರಿನ ಪಟ್ಟಿಗೂ ಅದಕ್ಕೂ ಅಂತರ ಹೆಚ್ಚಾಗಿದೆ. ಅಂತರ ಎಷ್ಟಿರಬೇಕೆಂದು ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿ. ಬ್ಲೇಡುಗಳನ್ನು ಒಟ್ಟಿಗೇ ಸಾಣೆ ಹಿಡಿಸಿ. ಒಂದನ್ನೇ ಹೆಚ್ಚು ಸವೆಸಿದರೆ ತೂಕ ತಪ್ಪಿ ಯಂತ್ರ ನಡುಗುತ್ತದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಇಂದು ಇಲ್ಲ. ಆದರೂ ಕಬ್ಬಿಣದ ಕೆಲಸ ಬಲ್ಲ ಕೈಗಳು ಊರಲ್ಲಿ ಇವೆ. ಸಾಣೆಯನ್ನು ಅಂಥವರಿಂದಲೇ ಮಾಡಿಸಿ.

ಕಲ್ಲು, ತಂತಿ, ಮೊಳೆ, ಮಣ್ಣು ಮೆತ್ತಿದ ಬೇರು ಒಳಗೆ ಹೋಗದಿರಲಿ. ಕೆಲಸ ಮುಗಿದ ಮೇಲೆ ಎರಡು ನಿಮಿಷ ಬರಿದಾಗಿ ಓಡಿಸಿದರೆ ಕೊನೆಯ ಚೂರೂ ಹೊರಬಿದ್ದು, ಮಾರನೆಯ ದಿನ ಒಳಗೆ ಗಟ್ಟಿಯಾಗಿ ಕೂರುವುದಿಲ್ಲ.

ಸೆರಗು, ಟವೆಲ್ಲು ಇಳಿಬೀಳದಂತೆ ಬಿಗಿದು ಕಟ್ಟಿಕೊಳ್ಳಿ. ಮಕ್ಕಳನ್ನು ದೂರ ಇಡಿ. ಕೂಲಿಗೆ ಬಂದವರಿಗೂ ಫ್ಯೂಜಿನ ಮಾತನ್ನು ಮೊದಲೇ ಹೇಳಿ. ಬಾಯಿ ಬಿಡಿಸಲು ಅರ್ಧ ತಾಸು ಹೋದರೆ ನಾಳೆ ದುಡಿದುಕೊಳ್ಳಬಹುದು. ಹೋದ ಬೆರಳು ಮಾತ್ರ ಮತ್ತೆ ಬಾರದು.